ಅಂಗೈಗೆ ತಾಕಿದ ಹಕಾರ

ನಮ್ಮೂರಿನ ದಿನಸಿ ಅಂಗಡಿಯಲ್ಲಿ ಯಾರೂ ಸಾಮಾನಿನ ಪಟ್ಟಿಯನ್ನು ಒಂದೇ ಉಸಿರಿನಲ್ಲಿ ಹೇಳುವುದಿಲ್ಲ. ಅಕ್ಕಿ, ಬೇಳೆ, ಬೆಲ್ಲ, ಜೀರಿಗೆ ಎಂದು ಹತ್ತೋ ಹನ್ನೊಂದೋ ಆಗುವವರೆಗೆ ಹೇಳಿ, ಒಮ್ಮೆ ಕೆಮ್ಮಿ, "ಮನೇಲೆಲ್ಲ ಚೆನ್ನಾಗಿದಾರೇನಪ್ಪಾ?" ಎಂದು ವಿಚಾರಿಸಿ, ಉಳಿದದ್ದನ್ನು ಆಮೇಲೆ ಹೇಳುತ್ತಾರೆ. ಅಂಗಡಿಯವನೂ ಹಾಗೆಯೇ. ಹನ್ನೊಂದನೆಯ ಪದಾರ್ಥ ಬಂತೆಂದರೆ ತಕ್ಕಡಿಯ ಕಡೆ ತಿರುಗಿ ನಿಂತುಬಿಡುತ್ತಾನೆ. ಅದು ಮರ್ಯಾದೆ. ಹನ್ನೆರಡು ಪದಗಳನ್ನು ಸಾಲಾಗಿ ಹೇಳುವುದು ಗೋಡೆಯ ಮುಂದೆ ಮಾತ್ರ.

ಗೋಡೆ ಪೇಟೆಯ ಪಡುವಣ ತುದಿಯಲ್ಲಿದೆ. ಕರಿಕಲ್ಲಿನ ಗೋಡೆ, ಅದರ ತುಂಬ ಗೂಡುಗಳು, ಒಂದೊಂದಕ್ಕೂ ಅಂಗೈಯಗಲದ ಕಲ್ಲಿನ ಬಾಗಿಲು. ನಮ್ಮೂರಿನ ಕಾಸಿಗೆ ಮೈಯಿಲ್ಲ. ಕೈಯಲ್ಲಿ ಹಿಡಿಯುವುದಕ್ಕಾಗಲಿ ಸೆರಗಿಗೆ ಗಂಟು ಹಾಕುವುದಕ್ಕಾಗಲಿ ಬರುವುದಿಲ್ಲ. ಅದು ಗೂಡಿನೊಳಗೆ ಬೆಳಕಾಗಿ ಇರುತ್ತದೆ. ಗೂಡು ಹಿಡಿಯುವ ದಿನ ಮನಸ್ಸಿಗೆ ತೋಚಿದ ಹನ್ನೆರಡು ಪದ ಹೇಳಬೇಕು. ಅಂದಿನಿಂದ ಆ ಬಾಗಿಲು ಆ ಹನ್ನೆರಡಕ್ಕೆ, ಅದೇ ಸಾಲಿನಲ್ಲಿ ಹೇಳಿದರೆ ತೆರೆಯುತ್ತದೆ. ಹೇಳಿದವರು ಯಾರು, ದನಿ ಯಾರದು ಎಂದು ಗೋಡೆ ಕೇಳುವುದಿಲ್ಲ. ಪದ ಮಾತ್ರ ಸರಿಯಿರಬೇಕು. ಒಂದರ ಹಿಂದೊಂದು ಮೂರು ಸಲ ತಪ್ಪಿದರೆ ಬಾಗಿಲಿನ ಗೆರೆಯೇ ಅಳಿಸಿಹೋಗಿ ಅಲ್ಲಿ ಬರೀ ಕಲ್ಲು ಉಳಿಯುತ್ತದೆ.

ಹಾಗಾಗಿ ನೆಗಡಿಯಾದಾಗ ಯಾರೂ ಅತ್ತ ಸುಳಿಯುವುದಿಲ್ಲ. ಮೂಗು ಕಟ್ಟಿ ಮಾವು ಎನ್ನಲು ಹೋಗಿ ಬಾವು ಎಂದವರ ಕಥೆ ಎಲ್ಲರಿಗೂ ಗೊತ್ತು. ಹಲ್ಲಿನ ವೈದ್ಯರು ಇಕ್ಕಳ ಎತ್ತಿಕೊಳ್ಳುವ ಮೊದಲು, "ಗೂಡು ಬದಲಾಯಿಸಿಕೊಂಡು ಬಂದಿದೀರಾ ತಾನೆ?" ಎಂದು ಕೇಳುತ್ತಾರೆ. ಗೋಡೆಯ ಮುಂದೆ ಒಬ್ಬರು ನಿಂತಿದ್ದರೆ ಉಳಿದವರು ಹತ್ತು ಹೆಜ್ಜೆ ದೂರ ನಿಂತು ಆಕಾಶ ನೋಡುತ್ತಾರೆ. ಗಂಡನ ಪದ ಹೆಂಡತಿಗೆ ತಿಳಿದಿರುವುದಿಲ್ಲ, ತಿಳಿಯಬೇಕೆಂದು ಅವಳು ಕೇಳುವುದೂ ಇಲ್ಲ.

ನನ್ನ ಹೆಸರು ಹೈಮವತಿ. ಬಿ.ಎ. ಓದಿದವಳು. ಮೂವತ್ತನಾಲ್ಕು ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕರೆಯೋಲೆ, ಕೈಪಿಡಿಗಳು. ನಮ್ಮ ಕಡೆಯ ಬಹಳ ಜನಕ್ಕೆ ಹಕಾರ ನಾಲಿಗೆಗೆ ಬರುವುದಿಲ್ಲ. ಹಾಲು ಆಲಾಗುತ್ತದೆ, ಹಬ್ಬ ಅಬ್ಬವಾಗುತ್ತದೆ. ಒಮ್ಮೆ ನಾನು ರಜೆಯಲ್ಲಿದ್ದಾಗ ಒಬ್ಬರ ಲಗ್ನಪತ್ರಿಕೆಯಲ್ಲಿ 'ಆರ್ದಿಕ ಸ್ವಾಗತ' ಎಂದು ಅಚ್ಚಾಗಿ, ಬಂದವರೆಲ್ಲ ಆರ್ಥಿಕ ಸ್ವಾಗತ ಎಂದು ಓದಿಕೊಂಡು, ಹೆಣ್ಣಿನ ತಂದೆ ನಮ್ಮ ಮಾಲೀಕರ ಮೇಲೆ ಜಗಳಕ್ಕೆ ಬಂದಿದ್ದರು. ಅಂದಿನಿಂದ ನನಗೆ ರಜೆಯೇ ಸಿಗಲಿಲ್ಲ. ಹಕಾರ ಬಿದ್ದುಹೋದ ಪದ ಎಲ್ಲಿ ಕಂಡರೂ ನನ್ನ ಕೈ ತಾನಾಗಿ ಅದನ್ನು ಎತ್ತಿ ನಿಲ್ಲಿಸುತ್ತಿತ್ತು. ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ನಮ್ಮ ಮನೆಯೆದುರಿನ ಹುಣಸೆಮರದ ಕೆಳಗೆ ಚಿಕ್ಕತಾಯಮ್ಮನ ಇಸ್ತ್ರಿ ಗಾಡಿ. ಇದ್ದಿಲು ತುಂಬಿದ ದೊಡ್ಡ ಪೆಟ್ಟಿಗೆ, ಮೇಲೊಂದು ಕಂಬಳಿ, ಅದರ ಮೇಲೆ ಬಿಳಿ ಬಟ್ಟೆ. ಜೊತೆಗೆ ಮಗಳು ಮಂಗಳಿ. ಮಂಗಳಿಗೆ ಆಗ ಮೂವತ್ತು ದಾಟಿತ್ತು. ಕಿವಿ ಚೆನ್ನಾಗಿ ಕೇಳುತ್ತದೆ, ಮಾತು ಮಾತ್ರ ಹುಟ್ಟಿದಾಗಿನಿಂದ ಇಲ್ಲ. ಮಾತಿಲ್ಲದವರಿಗೆ ನಮ್ಮೂರಿನಲ್ಲಿ ಗೂಡೂ ಇಲ್ಲ. ಅವರದ್ದೆಂದು ಏನಿದ್ದರೂ ಅದು ಇನ್ನೊಬ್ಬರ ಬಾಯಲ್ಲಿರಬೇಕು.

ಗಾಡಿ ನಿಂತ ಮೊದಲ ವಾರವೇ ನಾನು ಚಿಕ್ಕತಾಯಮ್ಮನಿಗೆ ನನ್ನ ಹೆಸರು ಹೇಳಿಕೊಟ್ಟಿದ್ದೆ.

"ಐಮಮ್ಮ ಅಲ್ಲ ಚಿಕ್ಕತಾಯಿ, ಹೈಮಮ್ಮ. ಹ. ಹೈ."

"ಅದೇ ಕಣಮ್ಮ ನಾನೂ ಏಳಿದ್ದು. ಐ."

"ಉಸಿರು ಬಿಡಬೇಕು. ಹೈ."

"ಉಸುರು ಬುಟ್ರೆ ಇದ್ಲು ಕೆಂಡ ಆಗೋಯ್ತದೆ, ಬಟ್ಟೆ ಸುಡ್ತದೆ. ಓಗ್ಲಿ ಬುಡಿ ಐಮಮ್ಮ, ನಿಮ್ನ ಕರ್ದಾಗ ನೀವು ತಿರುಗಿ ನೋಡಿದ್ರೆ ಆಯ್ತಲ್ವಾ?"

ಅವಳ ಬಗ್ಗೆ ಹೇಳಬೇಕಾದ್ದು ಬಹಳವಿದೆ. ಅಂಗಿಯ ಗುಂಡಿ ಬಿದ್ದಿದ್ದರೆ ತಾನೇ ಹೊಲಿದು ಕಳಿಸುತ್ತಿದ್ದಳು, ಕೇಳಿದರೆ, "ಮೊದ್ಲೇ ಇತ್ತಲ್ವಾ?" ಎನ್ನುತ್ತಿದ್ದಳು. ನನ್ನ ಯಜಮಾನರು ತೀರಿಕೊಂಡ ಮೇಲೂ ಅವರ ಒಂದು ನೀಲಿ ಅಂಗಿಯನ್ನು ನಾನು ವಾರಕ್ಕೊಮ್ಮೆ ಒಗೆದು ಇಸ್ತ್ರಿಗೆ ಕೊಡುತ್ತಿದ್ದೆ. ಯಾಕೆ ಕೊಡುತ್ತಿದ್ದೆನೋ, ಕೈಗೆ ಅಭ್ಯಾಸವಾಗಿತ್ತು. ಅವಳು ಒಂದು ದಿನವೂ ಏಕೆಂದು ಕೇಳಲಿಲ್ಲ. ಕಾಲರು ಕೂರಿಸಿ, ಮಡಿಕೆಯ ನಡುವೆ ಹಾಳೆಯಿಟ್ಟು, ನಾಳೆ ಬೆಳಿಗ್ಗೆ ತೊಟ್ಟುಕೊಂಡು ಹೊರಡುವವರ ಅಂಗಿಯ ಹಾಗೆ ಕೊಡುತ್ತಿದ್ದಳು.

ಕಾಸಿನ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಎಲ್ಲರೂ ನಂಬುವ ರಾಜಬೀದಿ ಕಾಸು ಒಂದಿದೆ, ದೊಡ್ಡ ಹಳದಿ ಬೆಳಕಿನದು. ಅದು ಸಾಮಾನ್ಯರ ಕೈಗೆ ಎಟುಕುವುದಿಲ್ಲ. ಅದಕ್ಕೇ ಒಂದೊಂದು ಬೀದಿಯವರೂ ತಮ್ಮದೇ ಕಾಸು ಹುಟ್ಟಿಸುತ್ತಾರೆ. ಬೆಳಿಗ್ಗೆ ಎಂಟಕ್ಕೆ ಗೋಡೆಯ ಪಕ್ಕದ ಜಗುಲಿಯ ಮೇಲೆ ತಮಟೆ ಬಡಿದು ಆ ದಿನದ ದರ ಸಾರುತ್ತಾರೆ: ಯಾವ ಬೀದಿಯದು ಏರಿತು, ಯಾವುದು ಇಳಿಯಿತು. ಕೇಳಿದವರ ಮುಖ ನೋಡಿಯೇ ಯಾರ ಮನೆಯಲ್ಲಿ ಇವತ್ತು ಪಾಯಸ, ಯಾರ ಮನೆಯಲ್ಲಿ ಗಂಜಿ ಎಂದು ಹೇಳಬಹುದು.

ಪತ್ರಿಕೆಯಲ್ಲಿ ಬಂದ ಲೇಖನಗಳನ್ನೆಲ್ಲ ಅಡಿಗೆರೆ ಹಾಕಿ ಓದಿ, ನಾನು ನನ್ನ ಎರಡು ಬಳೆ ಮಾರಿ ಗರುಡಕಾಸು ಕೊಂಡಿದ್ದೆ. ಆ ಲೇಖನಗಳಲ್ಲಿ ಒಂದೇ ಒಂದು ಕಾಗುಣಿತದ ತಪ್ಪಿರಲಿಲ್ಲ, ಅದು ನನಗೆ ಬಹಳ ನಂಬಿಕೆ ಹುಟ್ಟಿಸಿತ್ತು. ಒಂದು ಬುಧವಾರ ಬೆಳಿಗ್ಗೆ ಊರಿನ ಗರುಡಕಾಸಿನ ಗೂಡುಗಳೆಲ್ಲ ಒಟ್ಟಿಗೆ ಕತ್ತಲಾದವು. ಅದನ್ನು ಹುಟ್ಟಿಸಿದವರು ಮಂಗಳವಾರವೇ ಊರು ಬಿಟ್ಟಿದ್ದರು.

ಚಿಕ್ಕತಾಯಮ್ಮ ಓದಿದವಳಲ್ಲ. ಗಾಣದ ಬೀದಿಯ ಒಂದು ಎಳೆಯ ದಂಪತಿ ಎಳ್ಳುಕಾಸು ಎಂದು ಹೊಸದೊಂದು ಹುಟ್ಟಿಸಿ ಊರೆಲ್ಲ ತಿರುಗುತ್ತಿದ್ದರು. ಅದರ ಬೆಳಕೂ ಎಳ್ಳಿನಷ್ಟೇ. ಯಾರೂ ಮುಟ್ಟಲಿಲ್ಲ. ಇವಳೊಬ್ಬಳು ಅವರ ಬಟ್ಟೆ ಇಸ್ತ್ರಿ ಮಾಡಿ ಅದನ್ನೇ ತೆಗೆದುಕೊಂಡಳು.

"ಎಳ್ಳುಕಾಸು ಇಟ್ಟುಕೊಂಡು ಏನು ಮಾಡ್ತೀಯೇ? ಸಂಕ್ರಾಂತಿಗೆ ಬೀರುತ್ತೀಯಾ?" ಎಂದು ನಾನು ನಕ್ಕೆ.

"ನೀವೂ ನಗಿ. ಊರೇ ನಗ್ತದೆ ಅವ್ರ್ನ ನೋಡಿ. ಇಸ್ತ್ರಿ ಅಂಗಿ ಆಕ್ಕಂಡು ಓದ್ರೆ ನಾಕು ಜನ ಅವ್ರ ಮಾತ್ನಾದ್ರೂ ಕೇಳ್ತಾರೆ. ಆ ಉಡ್ಗಿ ಸೀರೆ ನೋಡಿದ್ರಾ, ಒಂದೇ ಸೀರೆ, ದಿನಾ ಒಗ್ದು ತತ್ತದೆ. ಬ್ಯಾಡ ಅನ್ನಾಕೆ ನಂಗೆ ಬಾಯಿ ಬರ್ನಿಲ್ಲ ಕಣಮ್ಮ."

ಆರು ವರ್ಷ ಅವಳು ಹೀಗೆ ಬೇಡ ಎನ್ನಲು ಬಾಯಿ ಬಾರದೆ ಎಳ್ಳುಕಾಸು ಸೇರಿಸಿದಳು. ಏಳನೆಯ ವರ್ಷ ಹೊಳೆಯಾಚೆಯ ಎಣ್ಣೆ ವ್ಯಾಪಾರಿಗಳು, ಎಳ್ಳುಕಾಸಾದರೆ ಮಾತ್ರ ಮಾಲು ಕೊಡುತ್ತೇವೆ ಎಂದು ಹಟ ಹಿಡಿದರು. ಯಾಕೆಂದು ಇಂದಿಗೂ ಯಾರಿಗೂ ಗೊತ್ತಿಲ್ಲ. ತಮಟೆಯವನು ಒಂದು ದಿನ ಎಳ್ಳುಕಾಸಿನ ದರ ಸಾರಿ, ತಾನೇ ನಂಬದೆ, ಚೀಟಿಯನ್ನು ಇನ್ನೊಮ್ಮೆ ನೋಡಿ, ಇನ್ನೊಮ್ಮೆ ಸಾರಿದ. ಯುಗಾದಿ ಕಳೆದು ಎರಡು ತಿಂಗಳಿಗೆ ಚಿಕ್ಕತಾಯಮ್ಮನ ಗೂಡಿನ ಬಾಗಿಲ ಸಂದಿಯಿಂದ ಬೆಳಕು ಹೊರಗೆ ಸೋರುತ್ತಿತ್ತು.

ಅವಳಿಗೆ ಬೇಕಾಗಿದ್ದುದು ಒಂದೇ. ಬೀದಿಯ ಮೂಲೆಯಲ್ಲಿ ಬಳೆ ಅಂಗಡಿಯ ಗುರುಪಾದಪ್ಪನವರ ಒಂದು ಖಾಲಿ ಕೋಣೆಯಿತ್ತು. ಮುಂದೆ ಬಾಗಿಲು ತೆರೆದರೆ ಇಸ್ತ್ರಿ ಮೇಜು ಹಾಕಬಹುದು, ಒಳಗೆ ಚಾಪೆ ಹಾಸಿ ಮಲಗಬಹುದು. ಆ ಕೋಣೆ ಕೊಂಡುಬಿಟ್ಟರೆ ತಾನು ಹೋದ ಮೇಲೆ ಮಂಗಳಿ ಯಾರ ಬಾಯನ್ನೂ ನಂಬಿ ಬದುಕಬೇಕಾಗಿಲ್ಲ. ಗೋಡೆಯ ಗೂಡು ಮಾತು ಕೇಳುತ್ತದೆ, ಕೋಣೆಯ ಬೀಗ ಕೇಳುವುದಿಲ್ಲ.

"ಗುರುಪಾದಪ್ನೋರು ಊಂ ಅಂದವ್ರೆ. ಕೊಟ್ಬುಡ್ಲಾ ಐಮಮ್ಮ?"

ಹೂಂ ಎಂದಿದ್ದರೆ ಸಾಕಿತ್ತು. ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನಾನು ಓದಿದವಳು. ಗರುಡಕಾಸಿನಲ್ಲಿ ಕೈ ಸುಟ್ಟುಕೊಂಡ ಮೇಲೂ, ಓದಿದ್ದೇನೆ ಎನ್ನುವುದು ಸುಟ್ಟಿರಲಿಲ್ಲ.

"ಈಗಲೇ ಬೇಡ. ಶ್ರಾವಣದವರೆಗೆ ಕಾಯಿ," ಎಂದೆ. "ಇನ್ನೂ ಏರುತ್ತದೆ. ಆಗ ಬರೀ ಕೋಣೆಯಲ್ಲ, ಹಿಂದಿನ ಹಿತ್ತಲೂ ಬಚ್ಚಲೂ ಸೇರಿಸಿ ತೆಗೆದುಕೊಳ್ಳಬಹುದು. ಮಂಗಳಿಗೆ ಅನುಕೂಲ."

"ಅಂಗಂತೀರಾ?"

"ಹೂಂ."

"ನೀವಂದ್ರೆ ಸರಿ ಬುಡಿ." ಸ್ವಲ್ಪ ಹೊತ್ತು ಪಂಚೆಯೊಂದರ ಅಂಚು ಎಳೆಯುತ್ತ ನಿಂತಳು. "ಅಲ್ಲೀಗಂಟ ನಂಗೇನಾರ ಆದ್ರೆ?"

"ಏನಾಗುತ್ತೆ ನಿನಗೆ?"

"ಏಳಾಕಾಯ್ತದಾ? ನಾನು ಓದ್ಮೇಲೆ ಮಂಗ್ಳಿಗೆ ಯಾರು ಏಳ್ತಾರೆ? ನೀವೇ ಏಳ್ಬೇಕು. ನಮ್ಮ ಬೀದಿಯೋರ್ನ ನಂಬಾಕಿಲ್ಲ ನಾನು. ನಿಮ್ಗೆ ನನ್ನ ಅನ್ನೆಲ್ಡೂ ಕೊಟ್ಬುಡ್ತೀನಿ, ಬರ್ಕಳಿ."

ಅವಳು ಓದಿದ ಮೇಲೆ ಎಂದಳೋ ಹೋದ ಮೇಲೆ ಎಂದಳೋ ಎಂದು ಒಂದು ಕ್ಷಣ ಯೋಚಿಸಿದೆ. ಆಮೇಲೆ ಕಣ್ಣು ತುಂಬಿಬಂತು. ನಮ್ಮೂರಿನಲ್ಲಿ ಒಬ್ಬರು ಇನ್ನೊಬ್ಬರಿಗೆ ಹನ್ನೆರಡು ಪದ ಕೊಡುವುದೆಂದರೆ ಏನೆಂದು ಹೊರಗಿನವರಿಗೆ ತಿಳಿಯುವುದಿಲ್ಲ. ನನ್ನ ಯಜಮಾನರೇ ಕೊಟ್ಟಿರಲಿಲ್ಲ.

ಮರುದಿನ ನಮ್ಮ ಜಗುಲಿಯ ಮೇಲೆ ಕೂತೆವು. ಪಕ್ಕದಲ್ಲಿ ಮಂಗಳಿ. ಅಭ್ಯಾಸ ಬಿಡಲಾರದೆ ಚಿಕ್ಕತಾಯಮ್ಮ ಬೆಳಿಗ್ಗೆ ಆರು ಪದ, ಊಟವಾದ ಮೇಲೆ ಆರು ಪದ ಹೇಳಿದಳು. ಈಗ ಅವನ್ನು ಬರೆದರೆ ಯಾರಿಗೂ ನಷ್ಟವಿಲ್ಲ, ಲಾಭವೂ ಇಲ್ಲ. ಅವಳು ಗಾಡಿಯ ಹಿಂದೆ ನಿಂತು ಕಂಡದ್ದು, ಮನೆಯಲ್ಲಿ ಕಂಡದ್ದು: ಇದ್ಲು, ನೀರು, ಅಗ್ಗ, ಉಣ್ಸೆಮರ, ಆಲು, ಗುಂಡಿ, ಅಪ್ಳ, ಒಸ್ಲು, ಕಾವು, ಊವು, ಮಂಗ್ಳಿ. ಹನ್ನೆರಡನೆಯದನ್ನು ಹೇಳುವಾಗ ಅವಳಿಗೆ ನಾಚಿಕೆಯಾಯಿತು.

"ಏನಮ್ಮಾ, ಗೂಡು ಇಡ್ದ ದಿನ ಅನ್ನೊಂದೇ ತೋಚಿದ್ದು. ಇನ್ನೊಂದು ಬೇಕಲ್ಲ ಅಂತ ತಿರುಗಿ ನೋಡ್ದೆ, ನೀವು ಚೀಲ ಇಡ್ಕಂಡು ಬತ್ತಿದ್ರಿ. ಅದ್ಕೆ ನಿಮ್ಮೆಸ್ರೇ ಏಳ್ಬುಟ್ಟೆ. ಐಮಮ್ಮ ಅಂತ."

ನಾನು ತಲೆ ಬಗ್ಗಿಸಿ ಬರೆಯುತ್ತಲೇ ಇದ್ದೆ. ಒಂದು ಕಡೆ ಮಾತ್ರ, "ಹಾಲಾ?" ಎಂದು ಕೇಳಿದ್ದು ನೆನಪಿದೆ. "ಊಂ, ಆಲು," ಎಂದಳು. ಇಬ್ಬರಿಗೂ ಅದು ಒಂದೇ ಪದ. ಇಬ್ಬರ ಕಣ್ಣ ಮುಂದೆಯೂ ಅದೇ ಬಿಳಿ, ಅದೇ ತಂಬಿಗೆ. ನನ್ನ ಕೈ ತನ್ನ ಕೆಲಸ ಮಾಡಿತು. ಇದ್ದಿಲು, ನೀರು, ಹಗ್ಗ, ಹುಣಸೆಮರ, ಹಾಲು, ಗುಂಡಿ, ಹಪ್ಪಳ, ಹೊಸ್ತಿಲು, ಕಾವು, ಹೂವು, ಮಂಗಳಿ, ಹೈಮಮ್ಮ. ದುಂಡಗಿನ ಅಕ್ಷರ, ಒಂದು ಚಿತ್ತಿಲ್ಲ.

"ಸರಿಯಾಗಿ ಬರ್ಕಂಡ್ರಾ?"

"ಸರಿಯಾಗೇ ಬರೆದಿದೀನಿ."

ಚೀಟಿಯನ್ನು ಮಡಿಸಿ ಯಜಮಾನರ ನೀಲಿ ಅಂಗಿಯ ಜೇಬಿನಲ್ಲಿಟ್ಟು ಬೀರುವಿನಲ್ಲಿ ಭದ್ರಮಾಡಿದೆ. ಆ ವಾರದಿಂದ ಅಂಗಿಯನ್ನು ಇಸ್ತ್ರಿಗೆ ಕೊಡುವುದು ನಿಲ್ಲಿಸಿದೆ.

ಆಷಾಢದ ಒಂದು ಮಧ್ಯಾಹ್ನ ನನ್ನ ದಿಂಬಿನ ಚೀಲವೊಂದನ್ನು ಇಸ್ತ್ರಿ ಮಾಡುತ್ತಿದ್ದಾಗ ಅವಳ ಕೈ ನಿಂತುಹೋಯಿತು. ಸುಟ್ಟ ವಾಸನೆ ಬಂದು ನಾನು ಹೊರಗೆ ಬರುವಷ್ಟರಲ್ಲಿ ಮಂಗಳಿ ಒಂದು ಕೈಯಲ್ಲಿ ಪೆಟ್ಟಿಗೆ ಎತ್ತಿ, ಇನ್ನೊಂದು ಕೈಯಲ್ಲಿ ತಾಯಿಯನ್ನು ಹಿಡಿದಿದ್ದಳು. ಬಲಗಡೆ ಪೂರ್ತಿ ಸೋತಿತ್ತು. ಬಾಯಿ ಒಂದು ಕಡೆ ಎಳೆದಿತ್ತು. ವೈದ್ಯರು ಜೀವಕ್ಕೆ ಸದ್ಯಕ್ಕೆ ಭಯವಿಲ್ಲ ಎಂದರು, ಮಾತಿನ ಬಗ್ಗೆ ಏನೂ ಹೇಳಲಿಲ್ಲ. ಆ ಎನ್ನುತ್ತಿದ್ದಳು, ಉ ಎನ್ನುತ್ತಿದ್ದಳು. ಅಷ್ಟೇ.

ಗುರುಪಾದಪ್ಪನವರು ತಾವಾಗಿ ನಮ್ಮ ಮನೆಗೆ ಬಂದರು. ಕೋಣೆಗೆ ಇನ್ನೊಬ್ಬರು ಗಿರಾಕಿ ಕಾದಿದ್ದರು, ಹೆಚ್ಚಿಗೆ ಕೊಡುವವರು. ಆದರೂ ಅವರು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು, "ಶ್ರಾವಣ ಮುಗಿಯೋ ತನಕ ನಾನು ಯಾರಿಗೂ ಮಾತು ಕೊಡಲ್ಲ ಅಮ್ಮಾ. ಆ ಹುಡುಗಿಗೆ ಹೇಳಿ," ಎಂದು ಹೊರಟುಹೋದರು.

ಶ್ರಾವಣದ ಮೊದಲ ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ ಚೀಟಿ ಹಿಡಿದು ಗೋಡೆಗೆ ಹೋದೆ. ಮಂಗಳಿ ಜೊತೆಯಲ್ಲಿ ಬಂದು, ಮರ್ಯಾದೆಗೆ ಹತ್ತು ಹೆಜ್ಜೆ ದೂರ ನಿಂತಳು. ಗೂಡಿನ ಸಂದಿಯಿಂದ ಬೆಳಕು ಬರುತ್ತಿತ್ತು. ಮೆಲ್ಲನೆ ಹನ್ನೆರಡೂ ಓದಿದೆ. ಕಲ್ಲಿನೊಳಗೆ ಬೆರಳಿನ ಗೆಣ್ಣಿನಿಂದ ಬಡಿದ ಹಾಗೆ ಒಂದು ಸದ್ದಾಯಿತು. ತಪ್ಪಿದರೆ ಬರುವ ಸದ್ದು ಅದು.

ಅವಸರವಾಯಿತೇನೋ ಎಂದುಕೊಂಡೆ. ಕನ್ನಡಕ ಒರೆಸಿ ಹಾಕಿಕೊಂಡೆ. ಎರಡನೆಯ ಸಲ ಒಂದೊಂದನ್ನೂ ಬಿಡಿಸಿ, ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ ಹೇಳಿದ ಹಾಗೆ, ಹಕಾರಗಳನ್ನೆಲ್ಲ ಎದೆಯಿಂದ ಎತ್ತಿ ಹೇಳಿದೆ. ಎರಡು ಸಲ ಸದ್ದಾಯಿತು.

ಗೋಡೆಗೆ ಕೈಯೂರಿ ನಿಂತೆ. ಮೂರನೆಯದಕ್ಕೆ ಬಾಯಿ ತೆರೆಯಲಿಲ್ಲ, ಅದೊಂದು ಬುದ್ಧಿ ದೇವರು ಕೊಟ್ಟ. ತಮಟೆಯವನು ದೂರದಿಂದಲೇ ನೋಡಿ ಒಂದು ಕುರ್ಚಿ ತಂದಿಟ್ಟು ಹಿಂದಕ್ಕೆ ಹೋದ.

ಚಿಕ್ಕತಾಯಮ್ಮನ ಮಂಚದ ಪಕ್ಕದಲ್ಲಿ ಕೂತು ಅವಳಿಗೆ ಚೀಟಿ ಓದಿ ಹೇಳಿದೆ. ಸಾಲು ತಪ್ಪಾಗಿದೆಯಾ, ಯಾವುದಾದರೂ ಪದ ಬಿಟ್ಟಿದೆಯಾ ಎಂದು ಕೇಳಿದೆ. ಅವಳು ಇಲ್ಲ ಎಂದು ತಲೆಯಾಡಿಸಿದಳು. ಅವಳ ಕಿವಿಗೆ ಎಲ್ಲ ಸರಿಯಾಗಿಯೇ ಇತ್ತು. ಕಾಲ ಬುಡದಲ್ಲಿ ಕೂತಿದ್ದ ಮಂಗಳಿ ಎದ್ದು ಬಂದಳು. ನನ್ನ ಚೀಟಿಯ ಮೇಲೆ ಬೆರಳಿಟ್ಟು, ಇನ್ನೊಮ್ಮೆ ಓದಿ ಎಂದು ಸನ್ನೆ ಮಾಡಿ, ತನ್ನ ಅಂಗೈಯನ್ನು ನನ್ನ ಬಾಯಿಗೆ ನಾಲ್ಕು ಬೆರಳು ದೂರದಲ್ಲಿ ಹಿಡಿದಳು.

ಇಸ್ತ್ರಿ ಪೆಟ್ಟಿಗೆಯ ಕಾವು ನೋಡುವುದು ಹಾಗೆಯೇ. ಮುಟ್ಟುವುದಿಲ್ಲ. ಅಂಗೈಯನ್ನು ಹತ್ತಿರ ಹಿಡಿಯುತ್ತಾರೆ, ಬಟ್ಟೆಗೆ ಆಗುತ್ತದೋ ಇಲ್ಲವೋ ಕೈ ಹೇಳುತ್ತದೆ.

ನಾನು ನೀರು ಎಂದೆ. ಕೈ ಅಲುಗಲಿಲ್ಲ. ಹಗ್ಗ ಎಂದೆ. ಮಂಗಳಿ ಸುಟ್ಟವಳ ಹಾಗೆ ಕೈ ಒದರಿದಳು. ತಾಯಿಯ ಬಾಯಿಯ ಮುಂದೆ ಕೈ ಹಿಡಿದು, ತಣ್ಣಗಿದೆ ಎಂದು ತೋರಿಸಿದಳು. ಮತ್ತೆ ನನ್ನ ಬಾಯಿಗೆ ಹಿಡಿದಳು. ಹಾಲು ಎಂದೆ. ಮತ್ತೆ ಒದರಿದಳು. ಮಂಚದ ಮೇಲಿಂದ ಚಿಕ್ಕತಾಯಮ್ಮ, "ಆ... ಉ," ಎಂದಳು. ಅದರಲ್ಲಿ ಉಸಿರಿರಲಿಲ್ಲ.

ಆಗ ನನಗೆ ಗೊತ್ತಾಯಿತು. ಆ ಚೀಟಿಯಲ್ಲಿ ನಾನು ಬರೆದಿದ್ದು ಅವಳ ಪದಗಳನ್ನಲ್ಲ. ಅವಳ ಪದಗಳನ್ನು ತಿದ್ದಿ, ನನ್ನ ಪದಗಳನ್ನಾಗಿ ಮಾಡಿಕೊಂಡಿದ್ದೆ. ಅವಳು ಜೀವನದ ಗಳಿಕೆಯನ್ನು ನನ್ನ ಕೈಗೆ ಕೊಡುತ್ತಿದ್ದಾಗ ನಾನು ಕರಡು ನೋಡುತ್ತಿದ್ದೆ.

"ತಪ್ಪಾಯಿತು ಚಿಕ್ಕತಾಯಿ," ಎಂದೆ. ಅವಳು ನೆಟ್ಟಗಿದ್ದ ಎಡಗೈಯಿಂದ ನನ್ನ ಮಂಡಿಯನ್ನು ಮೆಲ್ಲಗೆ ತಟ್ಟಿದಳು.

ಇನ್ನೂ ಒಂದು ಸಲ ಉಳಿದಿತ್ತು. ಮಂಗಳಿಗೆ ಹೇಳಿದೆ, "ನಿಮ್ಮ ಬೀದಿಯವರು ಯಾರಾದರೂ ಹೇಳಲಿ ತಾಯಿ. ಅವರ ನಾಲಿಗೆಯಲ್ಲಿ ಇದು ತಾನಾಗಿ ಬರುತ್ತೆ." ಮಂಗಳಿ ತಾಯಿಯ ಮುಖ ನೋಡಿದಳು. ತಾಯಿ ಕಣ್ಣು ಮುಚ್ಚಿ, ಬೇಡ ಎಂದು ತಲೆಯಾಡಿಸಿದಳು. ಇಬ್ಬರೂ ನನ್ನ ಕಡೆಗೇ ಬೆರಳು ತೋರಿಸಿದರು. ನಾನು ಇನ್ನೊಮ್ಮೆ ಒತ್ತಾಯಿಸಬಹುದಿತ್ತು. ಅಷ್ಟು ನಂಬಿಕೆಯ ಮುಂದೆ ಹಾಗೆ ಮಾಡಲು ಮನಸ್ಸು ಬರಲಿಲ್ಲ. ನಂಬಿಸಿಕೊಳ್ಳುವುದರಲ್ಲೂ ಒಂದು ಸುಖವಿರುತ್ತದೆ.

ನಾಲ್ಕು ದಿನ ಅಭ್ಯಾಸ ಮಾಡಿದೆವು. ನಾನು ಮಂಚದ ಪಕ್ಕ ಕೂರುವುದು, ಮಂಗಳಿ ಅಂಗೈ ಹಿಡಿಯುವುದು. ಇದ್ಲು. ಅಗ್ಗ. ಉಣ್ಸೆಮರ. ಇಳಿವಯಸ್ಸಿನಲ್ಲಿ ನಾಲಿಗೆಯನ್ನು ಹಿಂದಕ್ಕೆ ತಿರುಗಿಸುವುದು ಸುಲಭವಲ್ಲ. ಹೊಸ್ತಿಲನ್ನು ಒಸ್ಲು ಮಾಡಲು ಅರ್ಧ ದಿನ ಹಿಡಿಯಿತು. ಒಸ್ತಿಲು, ಒಸ್ತ್ಲು ಎಂದು ಎಡವುತ್ತಿದ್ದರೆ ಚಿಕ್ಕತಾಯಮ್ಮ ಅರ್ಧ ಮುಖದಲ್ಲಿ ನಗುತ್ತಿದ್ದಳು. ನಾನು ಅವಳಿಗೆ ಹೈ ಹೇಳಿಕೊಡಲು ಹೋದದ್ದು ಅವಳಿಗೂ ನೆನಪಾಗಿರಬೇಕು. ಕೊನೆಯ ಪದ ಬಂದಾಗ ನಾನೇ, "ಐಮಮ್ಮ," ಎಂದು ಅವಳ ಧಾಟಿಯಲ್ಲಿ ಕೂಗಿದೆ. ಅವಳು ನಕ್ಕು ನಕ್ಕು ಕೆಮ್ಮಿದಳು. ಮಂಗಳಿ ತಾಯಿಯ ಬಾಯಿ ಒರೆಸಿ, ನನ್ನ ಕೆನ್ನೆಯನ್ನೂ ಒರೆಸಿದಳು. ನಾನು ಅತ್ತದ್ದು ನನಗೆ ತಿಳಿದಿರಲಿಲ್ಲ. ನಾಲ್ಕನೆಯ ದಿನ ಸಂಜೆಗೆ ಹತ್ತು ಸಲ ಹೇಳಿದೆ, ಹತ್ತು ಸಲವೂ ಆ ಅಂಗೈ ತಣ್ಣಗಿತ್ತು.

ಶುಕ್ರವಾರ ಬೆಳಿಗ್ಗೆ ಹೋದೆವು. ಸುದ್ದಿ ಹೇಗೋ ಹರಡಿತ್ತು. ದರ ಸಾರುವ ಹೊತ್ತಾಗಿದ್ದರೂ ತಮಟೆಯವನು ತಮಟೆಯನ್ನು ಕಂಕುಳಲ್ಲಿಟ್ಟು ಸುಮ್ಮನೆ ನಿಂತಿದ್ದ. ಗಾಣದ ಬೀದಿಯ ಆ ಗಂಡಹೆಂಡಿರು ಬಂದಿದ್ದರು, ಗುರುಪಾದಪ್ಪನವರೂ ಬಂದಿದ್ದರು. ಎಲ್ಲರೂ ದೂರದಲ್ಲಿ, ಆಕಾಶ ನೋಡುತ್ತ. ಮಂಗಳಿ ಮಾತ್ರ ಈ ಸಲ ಹತ್ತು ಹೆಜ್ಜೆ ಹಿಂದೆ ನಿಲ್ಲಲಿಲ್ಲ. ನನ್ನ ಪಕ್ಕದಲ್ಲಿ ನಿಂತು ಬಾಯಿಯ ಮುಂದೆ ಅಂಗೈ ಹಿಡಿದಳು.

ಇದ್ಲು ಎಂದೆ. ನೀರು. ಅಗ್ಗ. ಉಣ್ಸೆಮರ. ಆಲು. ಆಲು ಎನ್ನುವಾಗ ನಿಜವಾಗಿ ಚಿಕ್ಕತಾಯಮ್ಮನೇ ನನ್ನ ಬಾಯಲ್ಲಿ ಕೂತು ಹೇಳಿದ ಹಾಗಿತ್ತು. ಗುಂಡಿ. ಅಪ್ಳ. ಒಸ್ಲು. ಅದೂ ದಾಟಿತು. ಕಾವು. ಊವು. ಬಾಗಿಲ ಗೆರೆಯ ಬೆಳಕು ಅಗಲವಾಗುತ್ತಿತ್ತು, ಎಳ್ಳಿನ ಬಣ್ಣದ ಬೆಳಕು ಮಂಗಳಿಯ ಕೈಬೆರಳುಗಳ ಮೇಲೆ ಬಿತ್ತು. ಮಂಗ್ಳಿ ಎಂದೆ. ತನ್ನ ಹೆಸರು ಕೇಳಿ ಅವಳು ನನ್ನ ಕಡೆ ನೋಡಿ ನಕ್ಕಳು. ಆ ನಗು ಕಂಡು ನನಗೆ ಎಂಥ ಸಂತೋಷವಾಯಿತೆಂದರೆ, ಎದೆ ತುಂಬಿ ಉಸಿರು ಬಂತು. ಹನ್ನೊಂದು ಪದಗಳನ್ನು ನಾನು ಬೇರೆಯವರ ಪದಗಳೆಂದು ಎಚ್ಚರದಿಂದ ಹೇಳಿದ್ದೆ. ಹನ್ನೆರಡನೆಯದು ನನ್ನ ಹೆಸರು. ಶಾಲೆಯ ಹಾಜರಿಯಿಂದ ಹಿಡಿದು ಎಷ್ಟು ಜನಕ್ಕೆ, ಎಷ್ಟು ಸಲ, ಎಷ್ಟು ವರ್ಷ ತಿದ್ದಿ ತಿದ್ದಿ ಹೇಳಿದ ಹೆಸರು. ಆ ಸಂತೋಷದಲ್ಲಿ, ಯಾರೋ ನೀವು ಯಾರಮ್ಮ ಎಂದು ಕೇಳಿದ್ದಕ್ಕೆ ಉತ್ತರ ಕೊಟ್ಟ ಹಾಗೆ ಬಾಯಿಗೆ ಬಂತು.

"ಹೈಮಮ್ಮ."

ಕಲ್ಲಿಗಿಂತ ಮೊದಲು ಆ ಅಂಗೈಗೆ ಗೊತ್ತಾಯಿತು. ಅದು ಸರಕ್ಕನೆ ಹಿಂದಕ್ಕೆ ಹೋಯಿತು. ಆಮೇಲೆ ಕಲ್ಲು ಮೂರು ಸಲ ಬಡಿಯಿತು, ಗೆರೆ ಒಂದು ಕಡೆಯಿಂದ ಅಳಿಸುತ್ತ ಬಂದು, ಬೆಳಕು ದಾರದಷ್ಟಾಗಿ, ಹೋಯಿತು. ನಾನು ಆ ಜಾಗವನ್ನು ಕೈಯಿಂದ ತಡವಿದೆ. ಎಲ್ಲೂ ಉಗುರು ಸಿಕ್ಕುವಷ್ಟು ಸಂದಿಯಿರಲಿಲ್ಲ.

ಗಾಣದ ಬೀದಿಯ ಆ ಹೆಂಗಸು ಬಂದು ನನ್ನ ಚೀಲ ಹಿಡಿದುಕೊಂಡಳು. ಮಂಗಳಿ ನನ್ನ ಮೊಣಕೈ ಹಿಡಿದು ಮನೆಯವರೆಗೂ ನಡೆಸಿಕೊಂಡು ಬಂದಳು, ನಾನೇ ಮಾತು ಕಳೆದುಕೊಂಡವಳ ಹಾಗೆ. ಸಮಾಧಾನ ಮಾಡಬೇಕಾದವಳು ನಾನು. ಮಾಡಿದವಳು ಅವಳು.

ಮಂಚದ ಪಕ್ಕದಲ್ಲಿ ಕೂತು ನಡೆದದ್ದನ್ನು ಹೇಳಿದೆ. ಯಾವ ಪದದಲ್ಲಿ ತಪ್ಪಿದೆ ಎಂದೂ ಹೇಳಿದೆ. ಚಿಕ್ಕತಾಯಮ್ಮ ನನ್ನ ಕಡೆ ತಿರುಗಿ ಬಾಯಿ ತೆರೆದಳು. ಏನೋ ಹೇಳಲು ಬಹಳ ಕಷ್ಟಪಟ್ಟಳು, ಕತ್ತಿನ ನರ ಉಬ್ಬಿತು. ಕೊನೆಗೆ, "ಐ," ಎಂದಳು. ಅಷ್ಟೇ. ನನ್ನನ್ನು ಕರೆದಳೋ, ಅಯ್ಯೋ ಎನ್ನಲು ಹೊರಟಿದ್ದಳೋ, ನನಗೆ ತಿಳಿಯದು. ಭಾದ್ರಪದದಲ್ಲಿ ಹೋದಳು.

ಮೂಲೆಯ ಕೋಣೆಯಲ್ಲಿ ಈಗ ಔಷಧಿ ಅಂಗಡಿಯಿದೆ. ಗುರುಪಾದಪ್ಪನವರು ಶ್ರಾವಣ ಮುಗಿದು ಇನ್ನೊಂದು ತಿಂಗಳು ಕಾದೇ ಕೊಟ್ಟರು. ಎಳ್ಳುಕಾಸು ಈಗಲೂ ಏರುತ್ತಲೇ ಇದೆ ಎಂದು ತಮಟೆಯವನು ಸಾರುತ್ತಾನೆ. ನಮ್ಮ ಬೀದಿ ಕಂಡರೆ ದನಿ ತಗ್ಗಿಸುತ್ತಾನೆ. ನಮ್ಮ ಮನೆಯ ಮುಂದಿನ ಕೋಣೆ ಬಿಟ್ಟುಕೊಡುತ್ತೇನೆ ಎಂದು ಮಂಗಳಿಗೆ ಎಷ್ಟೋ ಸಲ ಹೇಳಿದೆ. ಅವಳು ನಗುತ್ತಾಳೆ, ಬರುವುದಿಲ್ಲ. ತನ್ನದಲ್ಲದ ಕೋಣೆ ಅವಳಿಗೆ ಈಗಲೂ ಒಂದಿದೆ, ಅದರ ಬಾಡಿಗೆಯೂ ಇದೆ, ಅದನ್ನು ಮನೆಯೊಡೆಯರ ಬಟ್ಟೆ ಇಸ್ತ್ರಿ ಮಾಡಿಯೇ ತೀರಿಸುತ್ತಾಳೆ. ಹುಣಸೆಮರದ ಕೆಳಗೆ ಗಾಡಿ ಹಾಗೆಯೇ ನಿಂತಿದೆ.

ಚಿಕ್ಕತಾಯಮ್ಮ ತೀರಿಕೊಂಡ ತಿಂಗಳಲ್ಲೇ ನಾನು ನೀಲಿ ಅಂಗಿಯನ್ನು ಮತ್ತೆ ಇಸ್ತ್ರಿಗೆ ಕೊಡಲು ಶುರುಮಾಡಿದೆ. ಮೊದಲ ಸಲ ಅದು ಮರಳಿ ಬಂದಾಗ ಜೇಬಿನಲ್ಲಿ ಏನೋ ಗಟ್ಟಿಯಾಗಿತ್ತು. ತೆಗೆದು ನೋಡಿದರೆ ಅದೇ ಚೀಟಿ. ಗೋಡೆಯಿಂದ ಬಂದ ದಿನ ಅದನ್ನು ಮತ್ತೆ ಆ ಜೇಬಿಗೇ ತುರುಕಿದ್ದೆ, ಬೀರುವಿನಿಂದ ಅಂಗಿ ತೆಗೆದು ಕೊಡುವಾಗ ಮರೆತುಬಿಟ್ಟಿದ್ದೆ. ಮಂಗಳಿ ಅದನ್ನು ಎಸೆದಿರಲಿಲ್ಲ, ಸುಕ್ಕು ಹೋಗುವಂತೆ ಇಸ್ತ್ರಿ ಮಾಡಿ ಇಟ್ಟಿದ್ದಳು.

ಬಟ್ಟೆ ಕೊಡಲು ಹೋದಾಗಲೆಲ್ಲ ಅವಳು ಒಂದು ಕೈಯಿಂದ ಗಂಟು ತೆಗೆದುಕೊಂಡು ಇನ್ನೊಂದು ಅಂಗೈಯನ್ನು ನನ್ನ ಬಾಯಿಯ ಮುಂದೆ ಹಿಡಿಯುತ್ತಾಳೆ. ಚುಚ್ಚಲು ಅಲ್ಲ. ತಾಯಿ ನನ್ನನ್ನು ಕರೆಯುತ್ತಿದ್ದ ದನಿ ಕೇಳಬೇಕೆನಿಸುತ್ತದೆ ಅವಳಿಗೆ. ನಾನು, "ಐಮಮ್ಮ," ಎನ್ನುತ್ತೇನೆ. ಅವಳು ತಣ್ಣಗಿದೆ ಎಂದು ತಲೆಯಾಡಿಸುತ್ತಾಳೆ. ಈಗ ಒಂದು ಸಲವೂ ತಪ್ಪುವುದಿಲ್ಲ.